ಅಪಘಾತವಾದ ಮೇಲೆ ರಾಜಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಮ್ಮ ತಂದೆಗೆ 44 ವರ್ಷ, ಗಾರೆ ಮೇಸ್ತ್ರಿ. ಹೋದ ತಿಂಗಳು ಕೆಲಸ ಮುಗಿಸಿ ಗಾಡಿಯಲ್ಲಿ ಬರುವಾಗ ಹಿಂದಿನಿಂದ ಕಾರು ಗುದ್ದಿತು. ಬಲಗೈ ಮುರಿದು ಒಳಗೆ ಪ್ಲೇಟ್ ಹಾಕಿದ್ದಾರೆ. ಕಾರಿನವರೇ ಆಸ್ಪತ್ರೆಗೆ ಸೇರಿಸಿ 40,000 ರೂಪಾಯಿ ಕಟ್ಟಿದರು. ಪೊಲೀಸ್ ಕೇಸ್ ಬೇಡ ಅಂತ ಆಸ್ಪತ್ರೆಯಲ್ಲಿ 'ಗಾಡಿ ಸ್ಕಿಡ್ ಆಗಿ ಬಿದ್ದದ್ದು' ಎಂದು ಬರೆಸಿದರು. ಈಗ ಇನ್ನೂ 20,000 ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ಜನ ಒಳ್ಳೆಯವರೇ ಸರ್. ಏನು ಮಾಡುವುದು?
— ಓದುಗರು, ಶಿರಾ

ಉತ್ತರ: ಸಹಿ ಹಾಕಬೇಡಿ. ಕಾರಿನವರು ಓಡಿಹೋಗದೆ ಆಸ್ಪತ್ರೆಗೆ ಸೇರಿಸಿದ್ದು ದೊಡ್ಡ ವಿಷಯವೇ, ಒಪ್ಪುತ್ತೇನೆ. ಆದರೆ ಕಾರಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಈ ದುಡ್ಡು ಅವರ ಜೇಬಿನಿಂದ ಬರಬೇಕಾದ್ದೇ ಅಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಯಬಾರದು ಎಂದು ಕಾನೂನು ಇರುವುದೇ ನಿಮ್ಮ ತಂದೆಯಂಥವರಿಗಾಗಿ. ಇದನ್ನು ಅವರಿಗೂ ಬಿಡಿಸಿ ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅರವತ್ತು ಸಾವಿರ ಯಾಕೆ ಸಾಲದು ಅಂತ ಲೆಕ್ಕ ಹಾಕೋಣ. ತಂದೆಯವರ ದುಡಿಮೆ ತಿಂಗಳಿಗೆ 20,000 ಎಂದು ಕೋರ್ಟ್ ಒಪ್ಪಿತು, ಈ ಕೈಯಿಂದಾಗಿ ದುಡಿಯುವ ಶಕ್ತಿ ಶೇ. 30 ಹೋಯಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 2,40,000. ವಯಸ್ಸು 41ರಿಂದ 45ರ ಒಳಗಿದ್ದರೆ ಅದನ್ನು 14ರಿಂದ ಗುಣಿಸಬೇಕು, ಯಾವ ವಯಸ್ಸಿಗೆ ಎಷ್ಟರಿಂದ ಅನ್ನುವ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಕೇಸಿನಲ್ಲಿ ಕೊಟ್ಟಿದೆ. ಅದರ ಶೇ. 30 ಅಂದರೆ 10,08,000 ರೂಪಾಯಿ. ಆಸ್ಪತ್ರೆ ಖರ್ಚು, ನೋವಿಗೆ ಪರಿಹಾರ, ಮನೆಯಲ್ಲಿ ಕೂತ ತಿಂಗಳುಗಳ ಸಂಬಳ ಎಲ್ಲ ಬೇರೆ. ಇಷ್ಟೇ ಸಿಗುತ್ತದೆ ಅಂತ ಹೇಳುತ್ತಿಲ್ಲ, ಜಾಸ್ತಿಯೋ ಕಡಿಮೆಯೋ ಆಗಬಹುದು. ಆದರೆ ಛಾಪಾ ಕಾಗದದಲ್ಲಿ ಏನನ್ನು ಬಿಟ್ಟುಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು.

ಇನ್ನೊಂದು ಮಾತು. ಡಾಕ್ಟರ್ 'ಕೈಗೆ ಶೇ. 20 ಊನ' ಎಂದು ಬರೆದರೆ ನಷ್ಟವೂ ಶೇ. 20 ಎಂದೇ ಆಗಬೇಕಿಲ್ಲ. ಕೈ ಹೋದರೆ ಆಫೀಸಿನ ಗುಮಾಸ್ತರ ಕೆಲಸ ಉಳಿಯಬಹುದು, ಬಡಗಿಯ ಅಥವಾ ಡ್ರೈವರ್‌ನ ಕೆಲಸ ಪೂರ್ತಿ ಹೋಗಬಹುದು ಎಂದು 2010ರ ರಾಜ್‌ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬಲಗೈಯಲ್ಲಿ ಕರಣೆ ಹಿಡಿಯುವವರಿಗೆ ಇದು ತುಂಬಾ ಮುಖ್ಯ. ಹಾಗಾಗಿ ಮೇಸ್ತ್ರಿ ಕೆಲಸಕ್ಕೆ ಸಾಕ್ಷಿ ಕೂಡಿಡಿ, ಕೂಲಿ ಬರೆದ ಪುಸ್ತಕ, ಕಾಂಟ್ರಾಕ್ಟರ್ ಹಾಕಿದ ಫೋನ್‌ಪೇ ಹಣ, ಕಾರ್ಮಿಕ ಕಾರ್ಡ್, ಏನಿದ್ದರೂ ಸರಿ.

ನನಗೆ ನಿಜವಾಗಿ ಚಿಂತೆಯಾಗಿರುವುದು ಆ 'ಸ್ಕಿಡ್' ಅನ್ನುವ ಒಂದು ಸಾಲಿನ ಬಗ್ಗೆ. ವಿಮಾ ಕಂಪನಿ ವಕೀಲರು ಮೊದಲು ಕೈ ಹಾಕುವುದೇ ಆಸ್ಪತ್ರೆಯ ದಾಖಲೆಗೆ. ಅದನ್ನು ತಿದ್ದಿಸಲು ಹೋಗಬೇಡಿ, ಅದು ಇನ್ನೂ ಕೆಟ್ಟದ್ದು. ನಾಳೆಯೇ ಸ್ಟೇಷನ್‌ಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ದೂರು ಕೊಡಿ. ಯಾರು ಹಾಗೆ ಬರೆಸಿದರು, ಯಾಕೆ, ಇಷ್ಟು ದಿನ ಯಾಕೆ ತಡವಾಯಿತು, ಎಲ್ಲವನ್ನೂ ಅದರಲ್ಲೇ ಹೇಳಿ. ಆಸ್ಪತ್ರೆ ಬಿಲ್ ಕಾರಿನವರು ಕಟ್ಟಿದ ರಸೀದಿ, ಅವರ ಮೆಸೇಜ್‌ಗಳು, ಆ ರಸ್ತೆಯ ಅಂಗಡಿಗಳ ಸಿಸಿಟಿವಿ ನಿಮ್ಮ ಬೆನ್ನಿಗಿವೆ. ಸಿಸಿಟಿವಿ ಅಳಿಸಿಹೋಗುವ ಮುಂಚೆ ಕೇಳಿ ಪಡೆಯಿರಿ. ದೂರು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸ್ಟೇಷನ್‌ನಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಎಂವಿಸಿ ಕೇಸನ್ನು, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸನ್ನು, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಅಪಘಾತವಾದ ಜಾಗಕ್ಕೆ ಅಲೆಯಬೇಕಿಲ್ಲ. ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಿ, 2022ರ ಏಪ್ರಿಲ್‌ನಿಂದ ಆ ಗಡುವು ಬಂದಿದೆ. 'ಬಂದದ್ದರಲ್ಲಿ ನನಗೆ ಇಷ್ಟು ಪರ್ಸೆಂಟ್' ಅನ್ನುವವರ ಹತ್ತಿರ ಹೋಗಬೇಡಿ. ವಕೀಲರು ಹಾಗೆ ಫೀ ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಖಾಲಿ ಹಾಳೆಗೂ ಸಹಿ ಮಾಡಬೇಡಿ.

ಪ್ರಶ್ನೆ: ನಮ್ಮವರು ಸ್ಕೂಟರ್ ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ. ಹಂಪ್ ನೋಡದೆ ಜೋರಾಗಿ ಹತ್ತಿಸಿದರು, ನಾನು ಬಿದ್ದು ಸೊಂಟದ ಮೂಳೆಗೆ ಪೆಟ್ಟಾಯಿತು. ಪರಿಹಾರ ಬೇಕಾದರೆ ಗಂಡನ ಮೇಲೇ ಕೇಸ್ ಹಾಕಬೇಕಂತೆ, ನಿಜವಾ ಮೇಡಂ ಅಥವಾ ಸರ್?
— ಓದುಗರು, ಹಾಸನ

ಉತ್ತರ: ನಿಜ. ಕಾಗದದ ಮೇಲೆ ಎದುರಾಳಿ ಅವರೇ. ಅಜಾಗರೂಕ ಚಾಲನೆ ಎಂದು ಅವರ ಮೇಲೆ ಪೊಲೀಸ್ ಕೇಸೂ ಆಗುತ್ತದೆ, ಅದಕ್ಕೆ ಇಬ್ಬರೂ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಅದಕ್ಕೂ ಮೊದಲು ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ಹಿಂದೆ ಕೂತವರಿಗೆ ಸಾಮಾನ್ಯವಾಗಿ ವಿಮಾ ಕಂಪನಿ ಹೊಣೆಯಲ್ಲ. ಪ್ಯಾಕೇಜ್ (ಸಮಗ್ರ) ಪಾಲಿಸಿ ಇದ್ದರೆ ದಾರಿ ಇದೆ.

ಯಾರಾದರೂ ಬಂದು 'ಬೇರೆ ಗಾಡಿ ಗುದ್ದಿತು ಅಂತ ಬರೆಸೋಣ, ಗಾಡಿ ನಾನು ತರುತ್ತೇನೆ' ಅಂದರೆ ಬಾಗಿಲು ಹಾಕಿಕೊಳ್ಳಿ. ಅದು ಸುಳ್ಳು ಸಾಕ್ಷಿ, ಮೋಸದ ಕೇಸ್. ನಿಮಗಾದ ನಿಜವಾದ ಪೆಟ್ಟಿಗೆ ಸಿಗಬಹುದಾಗಿದ್ದ ಹಣವೂ ಹೋಗುತ್ತದೆ, ಇಬ್ಬರೂ ಆರೋಪಿಗಳಾಗುತ್ತೀರಿ.

ಪ್ರಶ್ನೆ: ಮಳೆಗೆ ಕರೆಂಟ್ ತಂತಿ ತುಂಡಾಗಿ ಹೊಲದಲ್ಲಿ ಬಿದ್ದಿತ್ತು, ತುಳಿದು ನನ್ನ ಗಂಡ ತೀರಿಕೊಂಡರು. ಕಂಪನಿಯವರು ಗಾಳಿ ಮಳೆಗೆ ನಾವೇನು ಮಾಡೋಣ ಅನ್ನುತ್ತಾರೆ.
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆ ಮಾತು ಅಷ್ಟು ಸುಲಭವಾಗಿ ನಡೆಯುವುದಿಲ್ಲ ತಾಯಿ. ಮಧ್ಯಪ್ರದೇಶದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವರೊಬ್ಬರು ರಸ್ತೆಗೆ ಬಿದ್ದ ತಂತಿ ತಗುಲಿ ಸತ್ತಾಗ, ಬೇರೆ ಯಾರೋ ಕರೆಂಟ್ ಕದಿಯಲು ತಂತಿ ಎಳೆದಿದ್ದರು ಎಂದು ಅಲ್ಲಿನ ವಿದ್ಯುತ್ ಮಂಡಳಿ ವಾದಿಸಿತ್ತು. ಹಾಗಿದ್ದರೂ ಇಂಥ ಅಪಾಯದ ವಸ್ತುವನ್ನು ಸಾಗಿಸುವವರೇ ಹೊಣೆ, ಅವರ ತಪ್ಪು ಸಾಬೀತಾಗಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಎಫ್‌ಐಆರ್ ಅಥವಾ ಯುಡಿಆರ್ (ಅಸಹಜ ಸಾವಿನ ಪೊಲೀಸ್ ವರದಿ) ಪ್ರತಿ, ಪೋಸ್ಟ್‌ಮಾರ್ಟಂ ವರದಿ, ಮಹಜರ್ (ಸ್ಥಳ ನೋಡಿ ಪೊಲೀಸರು ಬರೆದದ್ದು), ವಿದ್ಯುತ್ ಪರಿವೀಕ್ಷಕರ ವರದಿ, ಈ ನಾಲ್ಕನ್ನು ಕೈಗೆ ಮಾಡಿಕೊಳ್ಳಿ. ಕಂಪನಿ ಈಗ ಕೊಡುವ ಹಣ ತೆಗೆದುಕೊಳ್ಳಿ, ಆದರೆ 'ಇನ್ನು ಯಾವ ಬಾಕಿಯೂ ಇಲ್ಲ' ಎಂದು ಬರೆದುಕೊಡಬೇಡಿ. ಸಿವಿಲ್ ದಾವೆಗೆ ಗಡುವು ಎರಡು ವರ್ಷ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ವಕೀಲರ ನೆರವು ಉಚಿತ. ಹಾವೇರಿ ಜಿಲ್ಲಾ ಕೋರ್ಟ್‌ನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.