ಸುತ್ತಾಟ ಇಷ್ಟ, ಟೂರಿಸಂ ಮಾರ್ಕೆಟಿಂಗ್‌ಗೆ ಸೇರಬೇಕು. ಎಂಬಿಎ ಮಾಡಲೇಬೇಕಾ?

ಡಿಗ್ರಿ ಮುಗಿದಿದೆ, ಸುತ್ತಾಟದ ಹುಚ್ಚಿದೆ, ಇನ್‌ಸ್ಟಾಗ್ರಾಮ್‌ನಲ್ಲಿ ಒಳ್ಳೆಯ ಫೋಟೊ ಹಾಕ್ತೀನಿ, ಇಷ್ಟು ಸಾಕಾ, ಇಲ್ಲ ಎಂಬಿಎ ಮಾಡಲೇಬೇಕಾ ಅಂತ ಕೇಳಿದ್ದೀರಿ. ಮಾಡಲೇಬೇಕು ಅಂತೇನಿಲ್ಲ. ಆದರೆ 'ನನಗೆ ಸುತ್ತಾಟ ಇಷ್ಟ' ಅನ್ನುವ ಸಾಲನ್ನು ಮಾತ್ರ ಅರ್ಜಿಯಿಂದ ಈಗಲೇ ತೆಗೆದುಬಿಡಿ. ನಾನು ಹೋಟೆಲ್ ಮತ್ತು ಟೂರ್ ಕಂಪನಿಗಳ ಮಾರ್ಕೆಟಿಂಗ್‌ನಲ್ಲೇ ಇರುವವನು. ಹೊಸಬರ ಅರ್ಜಿಗಳು ನನ್ನ ಮೇಜಿಗೂ ಬರುತ್ತವೆ. ಬಹುಪಾಲು ಅರ್ಜಿಗಳು ಶುರುವಾಗುವುದೇ ಆ ಸಾಲಿನಿಂದ. ಸುತ್ತಾಟ ಯಾರಿಗೆ ಇಷ್ಟ ಇಲ್ಲ ಹೇಳಿ?

ಇಲ್ಲಿ ನಾವು ಮಾರುವುದು ತಾರೀಕನ್ನು. ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲು ಆಗಲ್ಲ. ವಿಮಾನದ ಸೀಟೂ ಅಷ್ಟೇ, ಟೂರ್ ಬಸ್ಸಿನ ಸೀಟೂ ಅಷ್ಟೇ. ಹಾಗಾಗಿ ಹೋಟೆಲ್ ಮಾರ್ಕೆಟಿಂಗ್‌ನವರು ವಾರದ ಮೊದಲ ದಿನ ತೆರೆಯುವ ಹಾಳೆ ಪಿಕಪ್ ರಿಪೋರ್ಟ್. ಹೋದ ವಾರದಿಂದ ಈಚೆಗೆ, ಮುಂದಿನ ಪ್ರತಿ ತಾರೀಕಿಗೂ ಹೊಸದಾಗಿ ಎಷ್ಟು ಕೋಣೆ ಬುಕ್ ಆದವು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಸುತ್ತಾಡಲು ಬರುವವರ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ತುಂಬಿರುತ್ತದೆ. ಮಂಗಳವಾರ, ಬುಧವಾರ ಬಣಗುಡುತ್ತಿರುತ್ತದೆ.

ತಕ್ಷಣ ಹೊಳೆಯುವ ಉಪಾಯ ಡಿಸ್ಕೌಂಟ್. ಎಲ್ಲ ದಿನಕ್ಕೂ ಡಿಸ್ಕೌಂಟ್ ಕೊಟ್ಟರೆ ಏನಾಗುತ್ತದೆ? ಹೇಗೂ ತುಂಬುತ್ತಿದ್ದ ಶನಿವಾರವನ್ನು ಸುಮ್ನೆ ಅಗ್ಗಕ್ಕೆ ಮಾರಿದಂತಾಗುತ್ತದೆ, ಮಂಗಳವಾರ ಖಾಲಿಯೇ ಉಳಿಯುತ್ತದೆ. ಮಂಗಳವಾರ ಬಿಡುವಿರುವವರು ಯಾರು ಅಂತ ಮೊದಲು ಕೇಳಿಕೊಳ್ಳಬೇಕು. ನಿವೃತ್ತರಿದ್ದಾರೆ. ಇನ್ನೂ ಶಾಲೆಗೆ ಸೇರದ ಮಕ್ಕಳಿರುವ ಅಪ್ಪ ಅಮ್ಮಂದಿರಿದ್ದಾರೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲಿಂದ ಬೇಕಾದರೂ ಕೆಲಸ ಮಾಡುವವರಿದ್ದಾರೆ. ಇವರಿಗೆಲ್ಲ ಒಂದೇ ಜಾಹೀರಾತು ಹಾಕಿದರೆ ಯಾರಿಗೂ ತಾಗಲ್ಲ. ನಿವೃತ್ತರಿಗೆ ಈಜುಕೊಳದ ಫೋಟೊಗಿಂತ ಲಿಫ್ಟ್ ಇದೆಯಾ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ ಅನ್ನುವುದು ಮುಖ್ಯ. ಲ್ಯಾಪ್‌ಟಾಪ್‌ನವರಿಗೆ ವೈಫೈ ವೇಗವನ್ನು ಅಂಕಿಯಲ್ಲೇ ಬರೆಯಬೇಕು. 'ಹೈ ಸ್ಪೀಡ್' ಅಂತ ಬರೆದರೆ ಈಗ ಯಾರೂ ನಂಬಲ್ಲ. ಈ ಥರ ಯೋಚಿಸುವುದು ನಿಮಗೆ ಖುಷಿ ಕೊಟ್ಟರೆ ಈ ಕೆಲಸ ನಿಮಗೆ ಹಿಡಿಸುತ್ತದೆ. ಬೋರ್ ಅನ್ನಿಸಿದರೆ ಸುತ್ತಾಟವನ್ನು ಹವ್ಯಾಸವಾಗಿಯೇ ಇಟ್ಟುಕೊಳ್ಳಿ, ಅದರಲ್ಲೇನೂ ತಪ್ಪಿಲ್ಲ.

ಹೊರಗಿನವರ ಕಣ್ಣಿಗೆ ಬೀಳುವುದು ಪ್ರವಾಸೋದ್ಯಮ ಮಂಡಳಿಗಳ ದೊಡ್ಡ ಅಭಿಯಾನಗಳು. 2009ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 'ಜಗತ್ತಿನ ಅತ್ಯುತ್ತಮ ಕೆಲಸ' ಅಂತ ಒಂದು ಜಾಹೀರಾತು ಕೊಟ್ಟಿತು. ಆರು ತಿಂಗಳು ದ್ವೀಪ ನೋಡಿಕೊಳ್ಳುವ ಕೆಲಸ, ಸಂಬಳ ಒಂದೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರ್. 34,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಎಲ್ಲರೂ ಆ ಸಂಬಳದ ಮಾತಾಡುತ್ತಾರೆ. ನನಗೆ ಜಾಣತನ ಕಾಣುವುದು ಅರ್ಜಿಯ ನಿಯಮದಲ್ಲಿ. ಅರ್ಜಿಯೇ ಒಂದು ನಿಮಿಷದ ವಿಡಿಯೊ ಆಗಿರಬೇಕಿತ್ತು. ಅಂದರೆ ಅಷ್ಟೂ ಜನ ಕೂತು ಕ್ವೀನ್ಸ್‌ಲ್ಯಾಂಡ್‌ಗೆ ಪುಕ್ಕಟೆ ಜಾಹೀರಾತು ಮಾಡಿಕೊಟ್ಟರು!

ಇನ್ನೊಂದು ಮುಖವೂ ಇದೆ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಸಿಡಿದು ಯುರೋಪಿನ ವಿಮಾನಗಳು ನಿಂತಾಗ, ಪ್ರವಾಸಿಗರನ್ನು ಮತ್ತೆ ಕರೆಯಲು ಅಲ್ಲಿನ ಸರ್ಕಾರ ಮತ್ತು ಉದ್ಯಮ ಸೇರಿ 'ಇನ್‌ಸ್ಪೈರ್ಡ್ ಬೈ ಐಸ್‌ಲ್ಯಾಂಡ್' ಅಂತ ಅಭಿಯಾನ ಶುರುಮಾಡಿ, ತಮ್ಮ ಜನರಿಂದಲೇ ದೇಶದ ಕಥೆ ಹೇಳಿಸಿದರು. ಆಮ್‌ಸ್ಟರ್‌ಡ್ಯಾಮ್ ತದ್ವಿರುದ್ಧ: ಕುಡಿದು ಗಲಾಟೆ ಮಾಡಲು ಬರುವ ಬ್ರಿಟಿಷ್ ಹುಡುಗರಿಗೆ 2023ರಲ್ಲಿ 'ದೂರ ಇರಿ' ಅಂತಲೇ ಜಾಹೀರಾತು ಕೊಟ್ಟಿತು. ಯಾರು ಬರಬೇಕು, ಯಾವಾಗ ಬರಬೇಕು ಅಂತ ಆರಿಸುವುದೂ ಈಗ ಈ ಕೆಲಸದ ಭಾಗ.

ಹಾಗಂತ ಮೊದಲ ಕೆಲಸಕ್ಕೆ ಮಂಡಳಿಗಳ ಬಾಗಿಲಲ್ಲೇ ಕಾಯಬೇಡಿ. ಹುದ್ದೆಗಳು ಕಡಿಮೆ, ಅಭಿಯಾನಗಳನ್ನು ಹೆಚ್ಚಾಗಿ ಹೊರಗಿನ ಜಾಹೀರಾತು ಏಜೆನ್ಸಿಗಳೇ ಮಾಡುತ್ತವೆ, ನಿಮ್ಮಿಂದ ಏನಾಯಿತು ಅಂತ ಅಳೆಯುವುದೂ ಕಷ್ಟ. ಹೋಟೆಲ್, ಟೂರ್ ಆಪರೇಟರ್, ಆನ್‌ಲೈನ್ ಬುಕಿಂಗ್ ಕಂಪನಿ, ಇವುಗಳಲ್ಲಿ ನೀವು ಬೆಳಗ್ಗೆ ಬದಲಿಸಿದ್ದರ ಫಲ ಆ ವಾರದ ಬುಕಿಂಗ್‌ನಲ್ಲೇ ಕಾಣುತ್ತದೆ. ಆನ್‌ಲೈನ್ ಬುಕಿಂಗ್ ಕಂಪನಿಗಳು ಹೋಟೆಲ್‌ಗಳಿಂದ ಸಾಮಾನ್ಯವಾಗಿ ಶೇ 15ರಿಂದ 25ರವರೆಗೆ ಕಮಿಷನ್ ತೆಗೆದುಕೊಳ್ಳುತ್ತವೆ. ಹಾಗಾಗಿ ಜನ ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲೇ ಬುಕ್ ಮಾಡುವಂತೆ ನೋಡಿಕೊಳ್ಳಬಲ್ಲವರಿಗೆ ಬೆಲೆ ಜಾಸ್ತಿ. ಇನ್ನು ಕಂಪನಿಯಿಂದ ಕಂಪನಿಗೆ ಮಾರುವ ಲೋಕವೇ ಬೇರೆ. ಬರ್ಲಿನ್‌ನ ಐಟಿಬಿ, ಲಂಡನ್‌ನ ಡಬ್ಲ್ಯೂಟಿಎಂ ಥರದ ಪ್ರವಾಸೋದ್ಯಮ ಮೇಳಗಳಲ್ಲಿ ಏಜೆಂಟರ ಜೊತೆ ಮುಂದಿನ ವರ್ಷದ ದರ ಮಾತಾಡುವುದು, ಅವರನ್ನು ಕರೆತಂದು ಜಾಗ ತೋರಿಸುವುದು. ಎರಡು ಮೂರು ಭಾಷೆ ಬರುವವರು ಇಲ್ಲಿ ಬೇಗ ಮೇಲೆ ಬರುತ್ತಾರೆ.

ಒಳಗೆ ಹೋಗಲು ನನ್ನ ಪ್ರಕಾರ ಒಳ್ಳೆಯ ಬಾಗಿಲು ರಿಸರ್ವೇಶನ್ ಡೆಸ್ಕ್. ಹೆಸರು ಕೇಳಿ ಮೂಗು ಮುರಿಯಬೇಡಿ. ಗಾಡಿ ನಿಲ್ಲಿಸಲು ಜಾಗ ಇದೆಯಾ, ಮಗುವಿಗೆ ಬೇರೆ ಹಾಸಿಗೆ ಸಿಗುತ್ತಾ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತಾ ಅಂತ ದಿನವಿಡೀ ಫೋನ್ ಬರುತ್ತದೆ. ಜನ ಬುಕ್ ಮಾಡುವ ಮುಂಚೆ ಎಲ್ಲಿ ಅನುಮಾನ ಪಡುತ್ತಾರೆ ಅನ್ನುವುದು ಆ ಫೋನುಗಳಲ್ಲೇ ಇರುತ್ತದೆ. ವೆಬ್‌ಸೈಟಿನಲ್ಲಿ ಏನು ಬರೆಯಬೇಕು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸ ಸಿಗುವ ಮುಂಚೆಯೇ ಒಂದು ಸಣ್ಣ ಕೆಲಸ ಮಾಡಿ ತೋರಿಸಿ. ಯಾವುದಾದರೂ ಸಣ್ಣ ಲಾಡ್ಜ್ ಅಥವಾ ಟೂರ್ ನಡೆಸುವವರನ್ನು ಒಪ್ಪಿಸಿ. ಅವರ ಬಗ್ಗೆ ಬಂದ ರಿವ್ಯೂಗಳನ್ನೆಲ್ಲ ಓದಿ, ದೂರುಗಳನ್ನು ಗುಂಪು ಮಾಡಿ. ಒಂದು ಪುಟ ತಿದ್ದಿ ಬರೆಯಿರಿ, ಸಣ್ಣ ಮೊತ್ತದ ಒಂದು ಜಾಹೀರಾತು ಹಾಕಿ. ಮುಂಚೆ ಹೇಗಿತ್ತು, ಏನು ಬದಲಿಸಿದೆ, ಏನಾಯಿತು, ಇಷ್ಟನ್ನು ಎರಡು ಪುಟದಲ್ಲಿ ಬರೆದಿಡಿ. ಫಲಿತಾಂಶ ಸಪ್ಪೆಯಾಗಿದ್ದರೂ ಪರವಾಗಿಲ್ಲ, ಯಾಕೆ ಹಾಗಾಯಿತು ಅಂತ ಹೇಳಬಲ್ಲಿರಾದರೆ ಸಾಕು. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಜಾಹೀರಾತು, ಅನಾಲಿಟಿಕ್ಸ್ ಕೋರ್ಸುಗಳು ಉಚಿತ. ಎಕ್ಸೆಲ್ ಚೆನ್ನಾಗಿ ಕಲಿಯಿರಿ, ದಯವಿಟ್ಟು. ಎಂಬಿಎ ಬಗ್ಗೆ ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಯೋಚಿಸಿ. ದೊಡ್ಡ ಹೋಟೆಲ್ ಸರಪಳಿಗಳಲ್ಲಿ ಮೇಲಿನ ಹುದ್ದೆಗೆ ಅದು ಉಪಯೋಗಕ್ಕೆ ಬರುತ್ತದೆ.

ಕಹಿಯನ್ನೂ ಹೇಳಿಬಿಡುತ್ತೇನೆ. ಲೋಕಕ್ಕೆಲ್ಲ ರಜೆ ಇದ್ದಾಗ ನಿಮಗೆ ಕೆಲಸ. ಶುರುವಿನ ಸಂಬಳ ಅಂಥ ದೊಡ್ಡದಲ್ಲ. 2020ರಲ್ಲಿ ಕೊರೊನಾ ಬಂದಾಗ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ 70ಕ್ಕೂ ಹೆಚ್ಚು ಕುಸಿಯಿತು. ಆಗ ಡೇಟಾ, ಜಾಹೀರಾತು, ಬರವಣಿಗೆ ಗೊತ್ತಿದ್ದವರು ಬೇರೆ ಉದ್ಯಮಕ್ಕೆ ದಾಟಿಕೊಂಡರು. ಬರೀ ಸಂಪರ್ಕಗಳನ್ನು ನಂಬಿದ್ದವರಿಗೆ ಕಷ್ಟವಾಯಿತು. ಯಾವ ಕೌಶಲ ಮೊದಲು ಕಲಿಯಬೇಕು ಅಂತ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ.

ಇಂಟರ್‌ವ್ಯೂಗೆ ಕರೆ ಬಂದರೆ ಹೀಗೆ ಮಾಡಿ. ಹಿಂದಿನ ದಿನ ನಿಮ್ಮ ಫೋನಿನಲ್ಲಿ ಅವರ ವೆಬ್‌ಸೈಟ್ ತೆರೆದು, ದುಡ್ಡು ಕಟ್ಟುವ ಹೆಜ್ಜೆಯವರೆಗೂ ಬುಕ್ ಮಾಡುತ್ತಾ ಹೋಗಿ. ಎಲ್ಲಿ ತಡವಾಯಿತು, ಎಲ್ಲಿ ಗೊಂದಲವಾಯಿತು, ಎಲ್ಲಿ ಬಿಟ್ಟುಬಿಡೋಣ ಅನ್ನಿಸಿತು, ಬರೆದುಕೊಳ್ಳಿ. 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂತ ಕೊನೆಗೆ ಕೇಳ್ತಾರಲ್ವಾ, ಆಗ ಆ ಚೀಟಿ ತೆಗೆಯಿರಿ.