ಮಗಳು ಎ.ಪಿ. ಯುರೋಪಿಯನ್ ಹಿಸ್ಟರಿ ತೆಗೆದುಕೊಳ್ಳಲಿ, ಬಾಯಿಪಾಠದ ಆಸೆ ಬಿಡಿ

ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ನೀವಿನ್ನೂ ಸಾಮಾನು ಬಿಚ್ಚುತ್ತಿದ್ದೀರಿ, ಅಷ್ಟರಲ್ಲೇ ಶಾಲೆಯ ಕೌನ್ಸೆಲರ್ ಮಗಳಿಗೆ ಎ.ಪಿ. ಯುರೋಪಿಯನ್ ಹಿಸ್ಟರಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಯುರೋಪ್ ಚರಿತ್ರೆ, ಸೂಚಿಸಿದ್ದಾರೆ. ‘ಯುರೋಪಿನ ಚರಿತ್ರೆ ಅವಳಿಗೇನೂ ಗೊತ್ತಿಲ್ಲ, ಇಸವಿಗಳನ್ನು ಉರು ಹೊಡೆಸಿ ದಡ ಸೇರಿಸಬಹುದೇ?’ ಎಂದು ಕೇಳಿದ್ದೀರಿ. ಗೊತ್ತಿಲ್ಲವೆಂಬ ಅಳುಕು ಬೇಡ. ಪಕ್ಕದಲ್ಲಿ ಕೂರುವ ಅಮೆರಿಕದ ಮಕ್ಕಳಿಗೂ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದವೆಂದರೆ ಅಷ್ಟಕ್ಕಷ್ಟೇ. ಆದರೆ ಉರು ಹೊಡೆದರೆ ಇಲ್ಲಿ ನಡೆಯುವುದಿಲ್ಲ.

ಪಠ್ಯ 1450ರ ಸುಮಾರಿನ ರೆನೆಸಾನ್ಸ್‌ನಿಂದ ನಮ್ಮ ಕಾಲದವರೆಗೆ ಹರಡಿದೆ. ಮೇ ತಿಂಗಳ ಪರೀಕ್ಷೆ ಮೂರೂಕಾಲು ಗಂಟೆಯದು. ಬಹು ಆಯ್ಕೆಯ 55 ಪ್ರಶ್ನೆಗಳಿಗೆ ಶೇ. 40 ಅಂಕ, ಮಿಕ್ಕಿದ್ದೆಲ್ಲ ಬರವಣಿಗೆಗೆ. ಅದರಲ್ಲಿ ಹೆದರಿಸುವುದು ಡಿಬಿಕ್ಯೂ, ಅಂದರೆ ದಾಖಲೆಗಳನ್ನು ಆಧರಿಸಿ ಪ್ರಬಂಧ ಬರೆಯುವ ಪ್ರಶ್ನೆ: ಏಳು ದಾಖಲೆಗಳನ್ನು ಕೊಟ್ಟು, ಓದಿ ಬರೆಯುವುದಕ್ಕೆಲ್ಲ ಸೇರಿ ಒಂದು ಗಂಟೆ ಕೊಡುತ್ತಾರೆ.

ಎರಡು ದಾಖಲೆ ಹೀಗಿರಬಹುದು ಎಂದುಕೊಳ್ಳಿ. 1525ರಲ್ಲಿ ದಕ್ಷಿಣ ಜರ್ಮನಿಯ ರೈತರು ಹನ್ನೆರಡು ಬೇಡಿಕೆ ಮುಂದಿಟ್ಟರು. ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳಬೇಕು, ಕ್ರಿಸ್ತ ಎಲ್ಲರನ್ನೂ ಬಿಡಿಸಿದ ಮೇಲೆ ಜೀತವೇಕೆ ಎಂದು ಬೈಬಲ್ ಹಿಡಿದೇ ವಾದಿಸಿದರು. ಅದೇ ವರ್ಷ, ಪೋಪ್‌ಗೆ ಎದುರಾಗಿ ಬೈಬಲ್ಲೇ ಪ್ರಮಾಣವೆಂದಿದ್ದ ಜರ್ಮನಿಯ ಧರ್ಮಸುಧಾರಕ ಲೂಥರ್, ದಂಗೆಯೆದ್ದ ರೈತರನ್ನು ಬಡಿದು ಹಾಕಿ ಎಂದು ಅರಸರಿಗೆ ಬರೆದ. ಇಷ್ಟನ್ನು ಸಾರಾಂಶ ಬರೆದರೆ ಅಂಕ ಅಲ್ಪ. ಲೂಥರ್ ಯಾರನ್ನುದ್ದೇಶಿಸಿ ಬರೆದ? ಪೋಪ್ ಬಹಿಷ್ಕಾರ ಹಾಕಿದಾಗ ಅವನನ್ನು ಕಾಪಾಡಿದ್ದು ಸ್ಯಾಕ್ಸನಿಯ ಅರಸನಲ್ಲವೇ? ಇಷ್ಟು ಕೇಳಿಕೊಂಡು, ಅದನ್ನು ತನ್ನ ವಾದಕ್ಕೆ ಜೋಡಿಸುವ ಹುಡುಗಿ ಗೆಲ್ಲುತ್ತಾಳೆ. ‘ಕಾರಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗೆ ಒಗ್ಗಿದ ನಮ್ಮ ಮಕ್ಕಳಿಗೆ ಹೀಗೆ ಒಂದು ಪಕ್ಷ ವಹಿಸಿ ವಾದಿಸುವ ಧೈರ್ಯ ಬರಲು ಸಮಯ ಬೇಕು. ಮೊದಲ ಪ್ರಬಂಧದ ಅಂಕ ನೋಡಿ ಗಾಬರಿಯಾಗಬೇಡಿ, ಟ್ಯೂಷನ್‌ಗೂ ಓಡಬೇಡಿ.

ನಮ್ಮ ಮನೆಯ ಮಕ್ಕಳು ನಿಜವಾಗಿ ಎಡವುವುದು ಧರ್ಮದ ಭಾಗದಲ್ಲಿ. ಚರ್ಚಿನ ಪೂಜೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತ ನಿಜಕ್ಕೂ ಇದ್ದಾನೆಯೇ ಎಂಬ ವಿಷಯಕ್ಕೆ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ 1529ರಲ್ಲಿ ಮುಖಾಮುಖಿ ಕೂತು ಒಮ್ಮತಕ್ಕೆ ಬಾರದೇ ಎದ್ದರು. ಚರ್ಚಿಗೆ ಹೋಗಿ ಬೆಳೆದ ಸಹಪಾಠಿಗೆ ಇದರ ಹಿನ್ನೆಲೆ ತಿಳಿದಿರುತ್ತದೆ, ನಿಮ್ಮ ಮಗಳಿಗೆ ತಲೆಬುಡ ಹತ್ತುವುದಿಲ್ಲ. ಈ ಬೇಸಿಗೆಯಲ್ಲಿ ಅಷ್ಟನ್ನೇ ಓದಿಕೊಳ್ಳಲಿ, ನೆಪೋಲಿಯನ್ ಆಮೇಲೆ ತಾನಾಗಿ ಬರುತ್ತಾನೆ.

ಮೈಸೂರಿನವಳಿಗೆ ಹಿಡಿಯಲು ಒಂದು ಎಳೆಯೂ ಇದೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಇಂಗ್ಲಿಷರ ವಿರುದ್ಧ ನೆರವು ಕೇಳಲು ಫ್ರಾನ್ಸಿನ ಅರಮನೆ ವರ್ಸೇಲ್ಸ್‌ಗೆ ಹೋಗಿದ್ದರು. ಬೊಕ್ಕಸ ಬರಿದಾಗಿದ್ದ ದೊರೆ ಹದಿನಾರನೇ ಲೂಯಿ ಮರ್ಯಾದೆ ಮಾಡಿದನೇ ಹೊರತು ಸೈನ್ಯ ಕೊಡಲಿಲ್ಲ. ಮರುವರ್ಷ ಪ್ಯಾರಿಸಿನ ಬಾಸ್ಟಿಲ್ ಕೋಟೆ ಬಿದ್ದು ಫ್ರೆಂಚ್ ಕ್ರಾಂತಿ ಭುಗಿಲೆದ್ದಿತು. ಇದನ್ನು ಊಟದ ಹೊತ್ತಿನಲ್ಲಿ ಹೇಳಿ, ಕಿವಿ ನಿಮಿರುತ್ತದೆ. ಆದರೆ ಕೇಳದ ಪ್ರಶ್ನೆಗೆ ಶ್ರೀರಂಗಪಟ್ಟಣವನ್ನು ತುರುಕುವುದು ಬೇಡ.

ಅಂಕ 1ರಿಂದ 5ರವರೆಗೆ. ಕೆಲವು ಕಾಲೇಜುಗಳು 3 ಬಂದರೂ ಕ್ರೆಡಿಟ್ (ಆ ವಿಷಯವನ್ನು ಕಾಲೇಜಿನಲ್ಲೇ ಓದಿದಂತೆ ಲೆಕ್ಕ) ಕೊಡುತ್ತವೆ, ಕೆಲವಕ್ಕೆ 5 ಬೇಕು, ಇನ್ನು ಕೆಲವು ಕೊಡುವುದೇ ಇಲ್ಲ. ಕ್ರೆಡಿಟ್‌ಗಾಗಿಯೇ ಆದರೆ ಆಯಾ ಕಾಲೇಜಿನ ನಿಯಮ ನೋಡಿಕೊಳ್ಳಿ. ಪರೀಕ್ಷೆಗೆ ಹೆಸರು ಕೊಡುವ ಗಡುವು ಸಾಮಾನ್ಯವಾಗಿ ನವೆಂಬರ್ ಒಳಗೇ ಮುಗಿಯುತ್ತದೆ. ಆ ಸೂಚನೆ ಮಕ್ಕಳ ಶಾಲಾ ಇಮೇಲ್‌ಗೆ ಬಂದು ಅಲ್ಲೇ ಉಳಿಯುವುದುಂಟು, ಅಕ್ಟೋಬರ್‌ನಲ್ಲಿ ನೀವೇ ಒಮ್ಮೆ ಕೇಳಿ.