ಓದುಗರ ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಯಾವ ಕಾದಂಬರಿ?

ಪ್ರ: ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಕೊಂಡೆ. ಅರವತ್ತೇ ಪುಟ, ಅದರಲ್ಲೂ ಅರ್ಧ ಚಿತ್ರ. ಜಿಪುಣನೊಬ್ಬ ಒಳ್ಳೆಯವನಾದ, ಮುಗೀತು. ಇದಕ್ಕಾ ಅಷ್ಟು ಹೆಸರು?

ಉ: ನಿಮ್ಮ ಕೈಗೆ ಬಂದಿರುವುದು ಸಂಕ್ಷಿಪ್ತ ಆವೃತ್ತಿ. 1843ರ ಡಿಸೆಂಬರ್ 19ರಂದು ಹೊರಬಂದ ಮೂಲದಲ್ಲಿ ಹತ್ತಿರ ಹತ್ತಿರ 28 ಸಾವಿರ ಪದಗಳಿವೆ. ಬೇರೆ ಪ್ರತಿ ಕೊಳ್ಳುವ ಮುಂಚೆ ಮೂರನೇ ಅಧ್ಯಾಯದ ಕೊನೆಯನ್ನು ತೆರೆದು ನೋಡಿ. ಜಿಪುಣನಿಗೆ ಬುದ್ಧಿ ಕಲಿಸಲು ಬರುವ ಮೂರು ಕ್ರಿಸ್‌ಮಸ್ ಭೂತಗಳಲ್ಲಿ ಎರಡನೆಯದರ ನಿಲುವಂಗಿಯ ಮಡಿಕೆಯಿಂದ ಒಣಕಲು ಮೈಯ, ಚಿಂದಿ ಉಟ್ಟ ಇಬ್ಬರು ಮಕ್ಕಳು ಹೊರಬರುತ್ತಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಮಕ್ಕಳಿಗೆಂದು ಕಥೆ ಚಿಕ್ಕದು ಮಾಡುವವರ ಕತ್ತರಿ ಬೀಳುವುದು ಇಂಥ ಕಡೆಗೇ. ಡಿಕನ್ಸ್‌ನ ಸಿಟ್ಟೆಲ್ಲ ಇರುವುದೂ ಇಲ್ಲೇ. ಅದು ಹೋದರೆ ನೀವು ಹೇಳಿದ ಜಿಪುಣನ ಕಥೆಯಷ್ಟೇ ಉಳಿಯುತ್ತದೆ.

ಮನೆಮಂದಿಗೆ ಗಟ್ಟಿಯಾಗಿ ಓದಿ ಹೇಳಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಒಟ್ಟು ಸುಮಾರು ಮೂರು ಗಂಟೆ ಬೇಕು. ಐದು ಅಧ್ಯಾಯವಿದೆ ಅಂತ ಐದು ಸಂಜೆಗೆ ಹಂಚಬೇಡಿ. ಮೂರನೆಯದು ಎಲ್ಲಕ್ಕಿಂತ ಉದ್ದ, ಅದಕ್ಕೇ ಒಂದು ಸಂಜೆ ಇರಲಿ. ಐದನೆಯದು ತೀರಾ ಚಿಕ್ಕದು. ಅದನ್ನು ನಾಲ್ಕನೆಯದರ ಜೊತೆಗೇ ಓದಿಬಿಡಿ, ಸ್ಮಶಾನದ ದೃಶ್ಯದಲ್ಲಿ ನಿಲ್ಲಿಸಿದರೆ ಮಕ್ಕಳು ಮಲಗುವುದಿಲ್ಲ.

ಪ್ರ: ಡಿಕನ್ಸ್‌ನ ಐದು ಕ್ರಿಸ್‌ಮಸ್ ಪುಸ್ತಕಗಳು ಒಂದೇ ಸಂಪುಟದಲ್ಲಿ ಸಿಗುತ್ತವಲ್ಲ, ಅದು ಹೇಗೆ?

ಉ: ಹೆಸರು ನೋಡಿ ಮೋಸಹೋಗಬೇಡಿ. ‘ದಿ ಚೈಮ್ಸ್’ (1844) ಹೊಸ ವರ್ಷದ ಹಿಂದಿನ ರಾತ್ರಿಯ ಕಥೆ, ಡಿಸೆಂಬರ್ 31ಕ್ಕೆ ಎತ್ತಿಡಿ. ‘ದಿ ಕ್ರಿಕೆಟ್ ಆನ್ ದಿ ಹಾರ್ತ್’ ನಡೆಯುವುದು ಜನವರಿಯಲ್ಲಿ. ‘ದಿ ಬ್ಯಾಟಲ್ ಆಫ್ ಲೈಫ್’ ಬಿಟ್ಟರೂ ನಷ್ಟವಿಲ್ಲ.

ಪ್ರ: ದಿನಕ್ಕಿಷ್ಟು ಅಂತ ತಾರೀಖಿನ ಪ್ರಕಾರ ಓದುವಂಥದ್ದು ಯಾವುದಾದರೂ ಇದೆಯೇ?

ಉ: ಎರಡಿವೆ. ಒಂದು, ನಾರ್ವೆಯ ಯೊಸ್ಟೈನ್ ಗಾರ್ಡರ್ 1992ರಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿ ‘ದಿ ಕ್ರಿಸ್‌ಮಸ್ ಮಿಸ್ಟರಿ’. ಕ್ರಿಸ್‌ಮಸ್‌ವರೆಗೆ ದಿನಕ್ಕೊಂದು ಪುಟ್ಟ ಕಾಗದದ ಕಿಟಕಿ ತೆರೆಯುವಂಥ ಹಳೆಯ ಕ್ಯಾಲೆಂಡರೊಂದು ಹುಡುಗನೊಬ್ಬನಿಗೆ ಸಿಗುತ್ತದೆ. ಅದರ ಒಂದೊಂದು ಕಿಟಕಿ ತೆರೆದಾಗಲೂ ಒಂದೊಂದು ಚೀಟಿ ಉದುರುತ್ತದೆ, ಅದರಲ್ಲಿ ಕಥೆಯ ಮುಂದಿನ ಕಂತು. ಡಿಸೆಂಬರ್ 1ರಿಂದ 24ರವರೆಗೆ 24 ಅಧ್ಯಾಯ. ನಾಲ್ಕು ದಿನ ತಪ್ಪಿಸಿ ಒಟ್ಟಿಗೆ ಓದಲು ಕೂತರೆ ಬೇಸರ ಬರುತ್ತದೆ. ಬೆತ್ಲೆಹೇಮಿನತ್ತ ಹೊರಟ ಗುಂಪಿಗೆ ಹೊಸಬರು ಸೇರುವುದು, ಮತ್ತೆ ಓಡುವುದು, ಇದೇ ಮರುಕಳಿಸುತ್ತದೆ. ದಿನಕ್ಕೊಂದಾದರೆ ಅದೇ ರುಚಿ.

ಇನ್ನೊಂದು ಅಗಾಥಾ ಕ್ರಿಸ್ಟಿಯ ‘ಹರ್ಕ್ಯೂಲ್ ಪೊಯಿರೋಸ್ ಕ್ರಿಸ್‌ಮಸ್’ (1938). ಡಿಸೆಂಬರ್ 22ರಿಂದ 28ರವರೆಗೆ ದಿನಕ್ಕೊಂದರಂತೆ ಏಳು ಭಾಗ. ಭಾಗಗಳು ಒಂದೇ ಅಳತೆಯವಲ್ಲ. ಕೊಲೆಯಾಗುವ 24ರ ದಿನಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ, 28ರದ್ದು ಚುಟುಕು. ನಿಮ್ಮ ಕೊಲೆಗಳಲ್ಲಿ ರಕ್ತವೇ ಇಲ್ಲ ಎಂದು ಕ್ರಿಸ್ಟಿಯ ಭಾವ ದೂರಿದ್ದಕ್ಕೆ ಬರೆದದ್ದು ಎಂದು ಅರ್ಪಣೆಯಲ್ಲೇ ಇದೆ, ಹಾಗಾಗಿ ಹಬ್ಬದ ಬೆಚ್ಚನೆ ಕಥೆ ಅಂತ ಹಿರಿಯರಿಗೆ ಉಡುಗೊರೆ ಕೊಡುವ ಮುಂಚೆ ಯೋಚಿಸಿ. ಅಮೆರಿಕದಲ್ಲಿ ಇದೇ ಪುಸ್ತಕ ‘ಮರ್ಡರ್ ಫಾರ್ ಕ್ರಿಸ್‌ಮಸ್’, ‘ಎ ಹಾಲಿಡೇ ಫಾರ್ ಮರ್ಡರ್’ ಎಂಬ ಹೆಸರುಗಳಲ್ಲೂ ಬಂದಿದೆ. ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿತೆಂದು ಎರಡೆರಡು ಸಲ ಕೊಂಡವರು ಬಹಳ.

ಪ್ರ: ಹಿಮ, ಗಂಟೆ, ಪ್ರೇಮ, ಕೊನೆಗೆ ಎಲ್ಲ ಸರಿಹೋಯಿತು. ಇದು ಸಾಕಾಗಿದೆ. ಬೇರೆ ಥರದ್ದು?

ಉ: ಕ್ಲೇರ್ ಕೀಗನ್ ಬರೆದ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (2021). 1985ರ ಐರ್ಲೆಂಡ್, ನ್ಯೂ ರಾಸ್ ಊರು, ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು. ಕಲ್ಲಿದ್ದಲು ವ್ಯಾಪಾರಿ ಬಿಲ್ ಫರ್ಲಾಂಗ್ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿಗೆ ಸರಕು ಹಾಕಲು ಹೋದವನು ಅಲ್ಲಿ ನೋಡಬಾರದ್ದನ್ನು ನೋಡುತ್ತಾನೆ. ಹೆಣ್ಣುಮಕ್ಕಳನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳು ಆ ದೇಶದಲ್ಲಿ ನಿಜಕ್ಕೂ ಇದ್ದವು, ಕೊನೆಯದು ಮುಚ್ಚಿದ್ದು 1996ರಲ್ಲಿ. ಪುಸ್ತಕ ನೂರಿಪ್ಪತ್ತು ಪುಟದ ಆಸುಪಾಸು. ಚಿಕ್ಕದೆಂದು ಓಡಿಸಿಕೊಂಡು ಓದಿದರೆ ಏನೂ ನಡೆಯಲಿಲ್ಲ ಅನ್ನಿಸುತ್ತದೆ. ಕೆಟ್ಟದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೋಟೆಲಿನಾಕೆಯ ಒಂದು ಎಚ್ಚರಿಕೆ ಮಾತು, ಹೆಂಡತಿಯ ಒಂದು ಗದರಿಕೆ, ಅಷ್ಟರಲ್ಲೇ ಊರಿಗೆ ಊರೇ ಸುಮ್ಮನಿರುವುದು ಗೊತ್ತಾಗುತ್ತದೆ. ಈ ಪಟ್ಟಿಯಲ್ಲಿ ಒಂದೇ ಒಂದು ಓದುವವರಿಗೆ ನಾವು ಹೇಳುವುದು ಇದನ್ನೇ.

ಪ್ರ: ಹನ್ನೊಂದು ವರ್ಷದ ಮಗನಿಗೆ?

ಉ: ಸೂಸನ್ ಕೂಪರ್ ಬರೆದ ‘ದಿ ಡಾರ್ಕ್ ಈಸ್ ರೈಸಿಂಗ್’ (1973). ನಾಯಕನಿಗೂ ಅದೇ ವಯಸ್ಸು. ಐದು ಪುಸ್ತಕಗಳ ಸರಣಿಯಲ್ಲಿ ಇದು ಎರಡನೆಯದು, ಮೊದಲನೆಯದನ್ನು ಓದದಿದ್ದರೂ ಅರ್ಥವಾಗುತ್ತದೆ. ಕಥೆ ಶುರುವಾಗುವುದು ಡಿಸೆಂಬರ್ 20ಕ್ಕೆ, ಅವತ್ತೇ ಕೈಗೆ ಕೊಡಿ.